ಕಿವಿ ಮುಚ್ಚಿಕೊಂಡ ಮಗು

ಕಳೆದ ವರ್ಷ ಉಪ್ಪಿನಂಗಡಿ ಸಮೀಪದ ನೆಂಟರ ಮನೆಯಲ್ಲಿ ಮದುವೆಯ ಮುನ್ನಾದಿನದ ರೋಸ್. ಅಂಗಳದಲ್ಲಿ ಚಪ್ಪರ, ಅದರ ಎರಡು ಬದಿಗಳಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆಗಳು. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಹೊತ್ತಿಗೆ ಹಿರಿಯ ಹೆಂಗಸರು ವೊವಿಯೊ ಹೇಳಲು ಕುಳಿತಿದ್ದರು. ಆದರೆ ಮೈಕಿನಲ್ಲಿ ಬೇರೆಯೇ ಹಾಡು ಹೋಗುತ್ತಿತ್ತು. ಅಜ್ಜಿಯಂದಿರ ತುಟಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಒಂದು ಶಬ್ದವೂ ಕೇಳಿಸುತ್ತಿರಲಿಲ್ಲ.

ನನ್ನ ಪಕ್ಕದಲ್ಲಿ ಆರೇಳು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿ, ಮುಖವನ್ನು ತಾಯಿಯ ಸೀರೆಯಲ್ಲಿ ಹುದುಗಿಸಿ ಕುಳಿತಿದ್ದ. "ನಾಚಿಕೆಯೋ?" ಎಂದು ಕೇಳಿದೆ. "ನಾಚಿಕೆ ಅಲ್ಲ ಅಂಕಲ್, ಅವನಿಗೆ ಆಟಿಸಂ ಉಂಟು. ನಮಗೆ ಅದು ಶಬ್ದ, ಅವನಿಗೆ ಪೆಟ್ಟು ಬಿದ್ದ ಹಾಗೆ ಆಗ್ತದೆ" ಎಂದಳು ಆ ತಾಯಿ. ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಸರಿಯಾಗುವವರೆಗೆ ಸುಮಾರು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ಅಜ್ಜಿಯಂದಿರ ವೊವಿಯೊ ಕೇಳಿಸಿತು. ಒಬ್ಬರು ಸಾಲು ಎತ್ತುವುದು, ಉಳಿದವರು ಅದನ್ನೇ ಹಿಂದಿನಿಂದ ಹೇಳುವುದು. ಮೂರನೆಯದೋ ನಾಲ್ಕನೆಯದೋ ವೊವಿಗೆ ಹುಡುಗನ ಕೈ ಕಿವಿಯಿಂದ ಕೆಳಗಿಳಿಯಿತು. ಕರೆಂಟು ಬಂತು, ಕೈ ಮತ್ತೆ ಮೇಲೇರಿತು. ತಾಯಿ ಅವನನ್ನೆತ್ತಿಕೊಂಡು ಊಟಕ್ಕೂ ನಿಲ್ಲದೆ ಹೊರಟುಹೋದಳು. ಶಬ್ದ ಸ್ವಲ್ಪ ತಗ್ಗಿಸಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಶುಭಕಾರ್ಯದಲ್ಲಿ ತಕರಾರು ತೆಗೆಯುವ ಮುದುಕ ಎನಿಸಿಕೊಳ್ಳಲು ಹೆದರಿದೆ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇನ್ನೂರು ಜನರ ಸಂತೋಷವನ್ನು ಒಬ್ಬ ಮಗುವಿಗಾಗಿ ತಗ್ಗಿಸಬೇಕೇ?

ಮೊದಲು, ಆ ಹತ್ತು ನಿಮಿಷಗಳಲ್ಲಿ ಏನಿತ್ತು ಎಂದು ನೋಡೋಣ. ವೊವಿಗೆ ಬೇಕಾದದ್ದು ಕೆಲವೇ ಸ್ವರಗಳು. ಓಟ ನಿಧಾನ. ಸಾಲಿನ ಕೊನೆಯನ್ನು ಎಳೆದು ನಿಲ್ಲಿಸುತ್ತಾರೆ. ಒಮ್ಮೆ ಕೇಳಿದ್ದು ಮತ್ತೊಮ್ಮೆ ಬರುತ್ತದೆ, ಆದ್ದರಿಂದ ಮುಂದೇನು ಎಂಬುದು ಕಿವಿಗೆ ಮೊದಲೇ ಗೊತ್ತಿರುತ್ತದೆ. ಸೂಕ್ಷ್ಮ ಕಿವಿಯವರಿಗೆ ಶಬ್ದ ದೊಡ್ಡದಾಗಿರುವುದು ಮಾತ್ರ ಕಷ್ಟವಲ್ಲ, ಅದು ಹೇಳದೆ ಕೇಳದೆ ಮೇಲೆರಗುವುದೂ ಕಷ್ಟ. ನಮ್ಮ ತುಳುನಾಡಿನ ಗದ್ದೆಗಳಲ್ಲಿ ನೇಜಿ ನೆಡುವಾಗ ಹೆಂಗಸರು ಹೇಳುತ್ತಿದ್ದ ಕಬಿತ, ಪಾಡ್ದನಗಳ ರೀತಿಯೂ ಇದೇ. ಒಬ್ಬಳು ಎತ್ತಿಕೊಡುತ್ತಾಳೆ, ಸಾಲಿನವರೆಲ್ಲ ಸೇರಿಕೊಳ್ಳುತ್ತಾರೆ. ಆ ಹಾಡು ಬಗ್ಗಿ ನೆಡುವ ಕೈಗಳ ಜೊತೆಯಲ್ಲೇ ಸಾಗಬೇಕು.

ಹಾಗೆಂದು ಹಳೆಯದೆಲ್ಲ ಮೆದು, ಹೊಸದೆಲ್ಲ ಗದ್ದಲ ಎಂದರೆ ಅದು ಸುಳ್ಳು. ಗುಮಟೆಯ ಪೆಟ್ಟು ಎದೆಗೆ ತಾಗುತ್ತದೆ. ಡೋಲು, ಕೊಂಬು, ತಾಸೆಗಳು ಮೆದು ವಾದ್ಯಗಳಲ್ಲ. ಹಬ್ಬದ ದಿನದ ಬ್ಯಾಂಡೂ ಅಲ್ಲ. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ಗುಮಟೆ ಬಾರಿಸುವವನಿಗೆ ಎದುರು ಕುಳಿತವನ ಮುಖ ಕಾಣುತ್ತದೆ. ಜೋಗುಳ ಹಾಡುವ ತಾಯಿ ಮಗುವಿನ ರೆಪ್ಪೆ ಭಾರವಾದಂತೆ ದನಿ ಇಳಿಸುತ್ತಾಳೆ. ಹಾಡುವವಳೇ ಕೇಳುವವಳೂ ಆಗಿರುತ್ತಾಳೆ. ಧ್ವನಿಪೆಟ್ಟಿಗೆಗೆ ಕಣ್ಣಿಲ್ಲ. ಆದರೆ ಅದರ ಗುಂಡಿ ತಿರುಗಿಸುವವನಿಗೆ ಕಣ್ಣಿದೆ, ಅದನ್ನು ಬಾಡಿಗೆಗೆ ತಂದ ನಮಗೂ ಇದೆ. ತಪ್ಪು ಯಂತ್ರದ್ದಲ್ಲ, ನೋಡದೆ ಇದ್ದವರದ್ದು.

ನಮ್ಮ ವೊವಿಗಳಿಗೆ ಒಂದು ಕಾಲದಲ್ಲಿ ನಿಷೇಧವೇ ಬಂದಿತ್ತು. 1736ರಲ್ಲಿ ಗೋವಾದ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞೆ ಮದುವೆಗಳಲ್ಲಿ ಅವನ್ನು ಹೇಳಬಾರದೆಂದಿತು. ಆದರೂ ಅಜ್ಜಿಯಂದಿರ ನಾಲಿಗೆಯಲ್ಲಿ ಅವು ಉಳಿದವು. 2008ರ ಜನವರಿಯಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ಮಂಗಳೂರಿನಲ್ಲಿ 40 ಗಂಟೆ ಕೊಂಕಣಿ ಹಾಡುಗಳನ್ನು ಎಡೆಬಿಡದೆ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆಜ್ಞೆಯಿಂದ ಸಾಯದ ಹಾಡು ನಮ್ಮದೇ ಅಂಗಳದಲ್ಲಿ, ನಮ್ಮದೇ ಸಂಭ್ರಮದ ಸದ್ದಿನಲ್ಲಿ ಕೇಳಿಸದೆ ಹೋದರೆ ಯಾರನ್ನು ದೂರೋಣ?

ಇನ್ನು ಪ್ರಶ್ನೆಗೆ ಬರೋಣ. "ವರ್ಷಕ್ಕೊಮ್ಮೆ ಬರುವ ಸಂತೋಷ, ಸ್ವಲ್ಪ ಸಹಿಸಿಕೊಳ್ಳಲಿ" ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಒಬ್ಬರಿಗೆ ಆಗದು ಎಂದು ಎಲ್ಲವನ್ನೂ ನಿಲ್ಲಿಸುತ್ತಾ ಹೋದರೆ ಊರಲ್ಲಿ ಹಬ್ಬವೇ ಇರದು. ಆದರೆ ಇಲ್ಲಿ ಎರಡು ತಕ್ಕಡಿಗಳಲ್ಲಿರುವ ವಸ್ತು ಒಂದೇ ಜಾತಿಯದಲ್ಲ. ಶಬ್ದ ತಗ್ಗಿಸಿದರೆ ಇನ್ನೂರು ಜನರಿಗೆ ತುಸು ಸಪ್ಪೆ ಎನಿಸಬಹುದು. ತಗ್ಗಿಸದಿದ್ದರೆ ಒಬ್ಬನಿಗೆ ನೋವಾಗುತ್ತದೆ, ಅವನ ಜೊತೆ ಅವನ ತಾಯಿಯೂ ಹೊರಗಾಗುತ್ತಾಳೆ. ಆ ಒಬ್ಬನೂ ನಿಜವಾಗಿ ಒಬ್ಬನೇ ಅಲ್ಲ. ಶ್ರವಣಯಂತ್ರ ಹಾಕಿದ ಅಜ್ಜನಿಗೆ ಆ ಯಂತ್ರ ಗದ್ದಲವನ್ನೂ ಹೆಚ್ಚಿಸಿಯೇ ಕೊಡುತ್ತದೆ. ಅರೆತಲೆನೋವಿನ ಅಕ್ಕ ಹಿಂದಿನ ಕೋಣೆಯಲ್ಲಿ ಮಲಗಿರುತ್ತಾಳೆ. ಇವರು ಯಾರೂ ದೂರುವುದಿಲ್ಲ, ಸುಮ್ಮನೆ ಬರುವುದನ್ನು ಬಿಡುತ್ತಾರೆ.

ಕಾನೂನು ತನ್ನ ಕೆಲಸ ಮಾಡಿದೆ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇಟ್ಟಿವೆ. ಹತ್ತು ಡೆಸಿಬಲ್ ಹೆಚ್ಚಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟು ಆಯಿತೆಂದು ಅರ್ಥ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ನ್ಯೂನತೆಗಳಲ್ಲಿ ಆಟಿಸಂ ಕೂಡ ಒಂದು. ಆದರೆ ಚಪ್ಪರದೊಳಗೆ ಪೊಲೀಸರು ಬಂದು ಅಳೆಯಲಿ ಎಂದು ಕಾಯುವುದು ಕುಟುಂಬಕ್ಕೆ ಶೋಭೆಯಲ್ಲ.

ಸಂತ ಅಗಸ್ಟೀನರು ಕ್ರಿ.ಶ. 400ರ ಸುಮಾರಿಗೆ ಬರೆದ 'ಕನ್‌ಫೆಶನ್ಸ್' ಗ್ರಂಥದ ಹತ್ತನೇ ಭಾಗದಲ್ಲಿ ತಮ್ಮ ಕಿವಿಯನ್ನೇ ಪರೀಕ್ಷೆಗೆ ಒಡ್ಡಿದ್ದಾರೆ. ಹಾಡಿನ ಅರ್ಥಕ್ಕಿಂತ ಹಾಡಿನ ಸೊಗಸೇ ತಮ್ಮನ್ನು ಹೆಚ್ಚು ಸೆಳೆದಾಗ ಅದನ್ನು ಪಾಪವೆಂದು ಒಪ್ಪಿಕೊಳ್ಳುತ್ತಾರೆ. ಆದರೂ ದೇವಾಲಯದ ಗಾಯನ ತಮ್ಮಲ್ಲಿ ಹಿಂದೆ ತರಿಸಿದ ಕಣ್ಣೀರನ್ನು ನೆನೆದು, ಹಾಡು ಬೇಡವೆನ್ನುವುದಿಲ್ಲ. ಅವರದು ತನ್ನ ಕಿವಿಯ ಪರೀಕ್ಷೆ. ಪಕ್ಕದವನ ಕಿವಿಯನ್ನೂ ವಿಚಾರಿಸುವ ಪರೀಕ್ಷೆ ನಮ್ಮ ಪಾಲಿಗೆ ಬಂದಿದೆ.

ಮಾಡಬೇಕಾದ್ದು ದೊಡ್ಡದೇನಲ್ಲ. ರೋಸಿನ ವೊವಿಯೊ ಮುಗಿಯುವವರೆಗೆ ಮೈಕ್ ಬೇಡ. ಧ್ವನಿಪೆಟ್ಟಿಗೆಯ ಮುಖ ಮಕ್ಕಳು, ಹಿರಿಯರು ಕೂರುವ ಕಡೆಗೆ ತಿರುಗಿರದಿರಲಿ. ಬ್ಯಾಂಡು, ಗರ್ನಾಲು ಯಾವಾಗ ಎಂದು ಅಂಥ ಮಕ್ಕಳ ಮನೆಯವರಿಗೆ ಮೊದಲೇ ತಿಳಿಸೋಣ. ಮನೆಯ ಒಂದು ಕೋಣೆ ಶಾಂತವಾಗಿರಲಿ. ಮಗು ಎದ್ದು ಹೊರಗೆ ಹೋದರೆ "ಹೆತ್ತವರು ಬುದ್ಧಿ ಕಲಿಸಲಿಲ್ಲ" ಎಂಬ ಮಾತು ನಮ್ಮ ಬಾಯಿಂದ ಬರದಿರಲಿ.

ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯದಲ್ಲಿ ಜನರು ಕಿವುಡನೊಬ್ಬನನ್ನು ಯೇಸುವಿನ ಬಳಿಗೆ ಕರೆತರುತ್ತಾರೆ. ಅವರು ಅವನನ್ನು ಗುಂಪಿನ ನಡುವೆಯೇ ಗುಣಪಡಿಸಬಹುದಿತ್ತು. ಆದರೆ ಮೊದಲು ಜನಜಂಗುಳಿಯಿಂದ ಒಂದು ಬದಿಗೆ ಕರೆದುಕೊಂಡು ಹೋದರು. ಅವನ ಕಿವಿ ತೆರೆದದ್ದು ಅಲ್ಲಿ. ಅದು ಮೊದಲು ಕೇಳಿದ್ದು ಗುಂಪಿನ ಕೂಗನ್ನಲ್ಲ ಎಂದು ನಾನು ಊಹಿಸುತ್ತೇನೆ.

ಬರುವ ತಿಂಗಳು ಅದೇ ನೆಂಟರಲ್ಲಿ ಇನ್ನೊಂದು ಮದುವೆ. ಮದುಮಗನ ತಂದೆಗೆ ಈಗಾಗಲೇ ಫೋನ್ ಮಾಡಿ ಹೇಳಿದ್ದೇನೆ. ಸ್ವಲ್ಪ ಸುಮ್ಮನಿದ್ದು, "ಆಯ್ತು, ವೊವಿಯೊ ಆಗುವವರೆಗೆ ಆಫ್ ಮಾಡಿಸುವ" ಎಂದಿದ್ದಾರೆ. ಆ ತಾಯಿಗೂ ಫೋನ್ ಮಾಡಬೇಕು.