ಆ ಗಿಟಾರನ್ನು ಅಳಿಸಿದವರು ಯಾರು?

ಕಳೆದ ರಾಜ್ಯೋತ್ಸವದ ರಾತ್ರಿ. ಬಂದವರೆಲ್ಲ ಮನೆಗೆ ಹೋಗಿ, ಬಿಸಿಬೇಳೆಬಾತಿನ ಪಾತ್ರೆಗಳ ತಳ ಕೆರೆಯಲು ನಾವು ನಾಲ್ಕೈದು ಜನ ಉಳಿದಿದ್ದೆವು. ಸ್ಪೀಕರ್ ಇನ್ನೂ ಬಿಚ್ಚಿರಲಿಲ್ಲ. ಯಾರದೋ ಫೋನಿನಿಂದ ಬೀಟಲ್ಸ್ ತಂಡದ ಹಾಡು ಹೊರಟಿತು: ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’. ನಡುವಿನ ಸೋಲೋ ಬಂದದ್ದೇ ತಡ, “ಜಾರ್ಜ್ ಹ್ಯಾರಿಸನ್ ಕೈ ಅಂದ್ರೆ ಕೈ” ಎಂದೆ. ಸೌಟು ತೊಳೆಯುತ್ತಿದ್ದ ಗೆಳೆಯ ತಿರುಗಿಯೂ ನೋಡದೆ, “ಅದು ಕ್ಲಾಪ್ಟನ್ ಮಾರಾಯ” ಎಂದ. ಪಾತ್ರೆಗಳು ಅಲ್ಲೇ ಉಳಿದವು.

ನನ್ನ ವಾದ ಗಟ್ಟಿಯಾಗಿಯೇ ಇತ್ತು. ಹಾಡು ಬರೆದವನು ಹ್ಯಾರಿಸನ್, ಹಾಡಿದವನು ಹ್ಯಾರಿಸನ್, ತಂಡದ ಲೀಡ್ ಗಿಟಾರಿಸ್ಟೂ ಅವನೇ. 1968ರ ಆ ಬಿಳಿ ಹೊದಿಕೆಯ ಆಲ್ಬಮ್ಮಿನಲ್ಲಿ ತಂಡದ ಹೊರಗಿನ ಗಿಟಾರಿಸ್ಟ್ ಕ್ಲಾಪ್ಟನ್ ಹೆಸರೇ ಇಲ್ಲ. ಇಷ್ಟೆಲ್ಲ ಸಾಕ್ಷಿ ಇದ್ದೂ ಸೋತೆ.

ಹ್ಯಾರಿಸನ್ ಆ ಹಾಡಿಗೆ ಬಹಳ ಒದ್ದಾಡಿದ್ದ. ಟೇಪನ್ನು ಹಿಂದುಮುಂದಾಗಿ ಓಡಿಸಿ ಗಿಟಾರ್ ಅಳುವಂತೆ ಮಾಡಲು ನೋಡಿ ಕೈಬಿಟ್ಟ. ಜೊತೆಗಾರರಿಗೂ ಉತ್ಸಾಹವಿರಲಿಲ್ಲ. ಸೆಪ್ಟೆಂಬರ್ 6ರಂದು ಗೆಳೆಯ ಎರಿಕ್ ಕ್ಲಾಪ್ಟನ್‌ನನ್ನು ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಕರೆತಂದ. ಬೀಟಲ್ಸ್ ರೆಕಾರ್ಡಿನಲ್ಲಿ ತಾನು ನುಡಿಸುವುದೇ ಎಂದು ಅವನು ಹಿಂಜರಿದರೆ, ಹಾಡು ನನ್ನದು ತಾನೇ ಎಂದು ಇವನು ಬಿಡಲಿಲ್ಲ. ನೆಂಟರು ಬಂದಾಗ ಜಗಳಾಡುವ ಮಕ್ಕಳು ಕಾಲು ಮಡಚಿ ಕೂರುವುದಿಲ್ಲವೇ, ಹಾಗೆ ಉಳಿದವರೂ ಮನಸ್ಸಿಟ್ಟು ನುಡಿಸಿದರು. ಕ್ಲಾಪ್ಟನ್ ಕೈಯಲ್ಲಿದ್ದ ಕೆಂಪು ಲೆಸ್ ಪಾಲ್ ಗಿಟಾರ್ ಹ್ಯಾರಿಸನ್‌ದು. ಕೆಲವೇ ವಾರಗಳ ಹಿಂದೆ ಅದನ್ನು ಹ್ಯಾರಿಸನ್‌ಗೆ ಉಡುಗೊರೆ ಕೊಟ್ಟಿದ್ದವನು ಕ್ಲಾಪ್ಟನ್ನೇ!

ಇಷ್ಟಕ್ಕೇ ಮುಗಿಯಲಿಲ್ಲ. ನುಡಿಸಿದ್ದು ಕೇಳಿದ ಕ್ಲಾಪ್ಟನ್‌ಗೆ ಅದು ಬೀಟಲ್ಸ್ ಧಾಟಿಯಲ್ಲಿಲ್ಲ ಅನ್ನಿಸಿತು. ಆಗ ಮಿಕ್ಸಿಂಗ್‌ನಲ್ಲಿ ಕ್ರಿಸ್ ಥಾಮಸ್ ಎಂಬ ಸಹಾಯಕ ಒಂದು ತಿರುಗುಗುಂಡಿ ಹಿಡಿದು ಅತ್ತಿತ್ತ ಆಡಿಸುತ್ತ ಕುಳಿತ. ಟೇಪಿನ ವೇಗ ಕೂದಲೆಳೆಯಷ್ಟು ಏರಿಳಿದು ಸ್ವರ ತೊಯ್ದಾಡಿತು. ಬಿಕ್ಕುವಾಗ ಗಂಟಲು ನಡುಗುತ್ತದಲ್ಲ, ಆ ನಡುಕ ತಂತಿ ಮುಟ್ಟದ ಈ ಮೂರನೆಯವನ ಕೈಯದು.

“ಹೋಗಲಿ, ‘ಟ್ಯಾಕ್ಸ್‌ಮನ್’ ಆದರೂ ಹ್ಯಾರಿಸನ್‌ದು ತಾನೇ? ಅದರ ಸೋಲೋದಲ್ಲಿ ನಮ್ಮ ಕಡೆಯ ರಾಗದ ವಾಸನೆ ಇದೆ, ಸಿತಾರ್ ಕಲಿಯುತ್ತಿದ್ದವನು ಅವನೇ” ಎಂದು ಪಟ್ಟು ಹಾಕಿದೆ. 1966ರ ಆ ಹಾಡೂ ಹ್ಯಾರಿಸನ್‌ದೇ. ಆದರೆ ಸೋಲೋ ತಂಡದ ಜೊತೆಗಾರ ಪಾಲ್ ಮೆಕಾರ್ಟ್ನಿಯದು! ಅತ್ತ ಕ್ಲಾಪ್ಟನ್ ಇದ್ದ ಕ್ರೀಮ್ ತಂಡದ ‘ಬ್ಯಾಡ್ಜ್’ ಹಾಡಿನಲ್ಲಿ ‘ಲಾಂಜೆಲೊ ಮಿಸ್ಟೀರಿಯೋಸೊ’ ಎಂಬ ಸುಳ್ಳು ಹೆಸರಿಟ್ಟುಕೊಂಡು ಗಿಟಾರ್ ಹಿಡಿದವನು ಹ್ಯಾರಿಸನ್.

“ಅಂದರೆ ತನ್ನ ಹಾಡಿನ ಮುಖ್ಯ ಜಾಗವನ್ನೇ ಬಿಟ್ಟುಕೊಟ್ಟನಲ್ಲ” ಎಂದು ಗೊಣಗಿದೆ. “ಕಚೇರಿಯಲ್ಲಿ ಏನು ಮಾಡ್ತಾರೆ?” ಎಂದ ಗೆಳೆಯ. ನಿಜ. ಗಾಯಕರು ಆಲಾಪನೆ ಮುಗಿಸಿ ಪಿಟೀಲಿನ ಕಡೆ ತಲೆದೂಗಿದರೆ, ರಾಗ ಅಷ್ಟು ಹೊತ್ತು ಪಿಟೀಲಿನವರದೇ. ಯಾರಿಗೂ ಅದು ಸೋಲು ಅನ್ನಿಸುವುದಿಲ್ಲ. ಏಳು ತಂತಿಯ ಪಿಟೀಲು ಹಿಡಿದು ದೊಡ್ಡ ದೊಡ್ಡ ವಿದ್ವಾಂಸರಿಗೆ ಪಕ್ಕವಾದ್ಯ ನುಡಿಸಿದ ಮೈಸೂರಿನ ಚೌಡಯ್ಯನವರಿಗೆ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದ ಭವನವನ್ನೇ ಕಟ್ಟಿದ್ದೇವೆ.

ಗೆದ್ದ ಗೆಳೆಯ ಫೋನು ಎತ್ತಿಕೊಂಡು ರಾಜನ್–ನಾಗೇಂದ್ರರ ಹಳೆಯ ಸಿನಿಮಾ ಹಾಡೊಂದನ್ನು ಹಾಕಿದ. ಪಲ್ಲವಿ ಮುಗಿದು ಕೊಳಲು ಬಂತು. ರೇಡಿಯೋ ಮುಂದೆ ಕೂತು ಬೆಳೆದ ನಮಗೆ ಅದರ ಒಂದೊಂದು ತಿರುವೂ ಬಾಯಿಪಾಠ. ಸ್ವರ ಬರುವ ಮೊದಲೇ ಬೆರಳುಗಳು ಪಾತ್ರೆಯ ಮೇಲೆ ತಾಳ ಹಾಕುತ್ತಿದ್ದವು.

“ಇದು ಯಾರ ಕೊಳಲು?” ಎಂದ.

ಲಂಡನ್ನಿನ ಒಂದು ಸಂಜೆಗಾಗಿ ಅರ್ಧ ಗಂಟೆ ಕಿತ್ತಾಡಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಚರಣ ಶುರುವಾಯಿತು.