ನೋಡುವವನ ಹೊಣೆ

ನೋಡುವುದರಿಂದ ಯಾರಿಗೂ ಕೇಡಿಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಕ್ಕಿಯನ್ನು ಕೊಂದರೆ ಪಾಪ, ಗೂಡನ್ನು ಕಿತ್ತರೆ ತಪ್ಪು. ಚಿತ್ರ ತೆಗೆದುಕೊಂಡರೆ ಯಾರ ಗಂಟು ಹೋಯಿತು? ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದು ವಿಚಾರಾರ್ಹವಾಗಿದೆ.

ಊರಾಚೆಯ ಕಲ್ಲುಗುಡ್ಡದ ಸಂದಿನಲ್ಲಿ ಕೊಂಬಿನ ಗೂಗೆಯೊಂದು ವಾಸವಾಗಿದೆಯೆಂದು ತಿಳಿದು, ಒಂದು ಸಂಜೆ ನಾವು ಕೆಲವರು ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆವು. ಹೊತ್ತು ಇನ್ನೂ ಮುಳುಗಿರಲಿಲ್ಲ. ಕತ್ತಲಾದರೆ ಚಿತ್ರ ಬಾರದೆಂಬ ಅವಸರದಿಂದ ಹತ್ತು ಹೆಜ್ಜೆ ಹೆಚ್ಚಾಗಿಯೇ ಮುಂದುವರಿದೆವು. ಗೂಗೆ ಎದ್ದು ಹಾರಿತು. ಕಾಗೆಗಳು ಅದನ್ನು ಕಂಡು, ಕೂಗಿ ಗುಂಪುಗೂಡಿ ಅಟ್ಟಿಸಿಕೊಂಡು ಹೋದವು. ನಮಗೆ ಚಿತ್ರ ದೊರೆಯಿತು. ಅದಕ್ಕೆ ಆಸರೆ ತಪ್ಪಿತು. “ಗುರುಗಳೇ, ಅದು ಮತ್ತೆ ಇಲ್ಲಿಗೆ ಬರುವುದೇ?” ಎಂದು ಹುಡುಗನೊಬ್ಬನು ಕೇಳಿದನು. ನಾವು ಉತ್ತರಿಸಲಾರದೆ ಹೋದೆವು.

ಬ್ರಿಟನ್ನಿನ ಪ್ರಸಿದ್ಧ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್, 1937ರಲ್ಲಿ ವೇಲ್ಸಿನಲ್ಲಿ ಗೂಗೆಯೊಂದರ ಚಿತ್ರ ತೆಗೆಯಲು ಕಟ್ಟಿದ್ದ ಮರೆಗೆ ರಾತ್ರಿ ಹೋದಾಗ, ಆ ಗೂಗೆ ಸದ್ದಿಲ್ಲದೆ ಎರಗಿತು. ಆತನ ಎಡಗಣ್ಣು ಹೋಯಿತು. ಆದರೂ ಆತನು ತನ್ನ ಕಾಯಕವನ್ನು ಬಿಡಲಿಲ್ಲ. 1970ರಲ್ಲಿ ಹೊರಬಂದ ಆತ್ಮಕಥೆಗೆ ‘ಹಕ್ಕಿಗಾಗಿ ಒಂದು ಕಣ್ಣು’ ಎಂಬ ಅರ್ಥವೂ ಹೊರಡುವ ಹೆಸರನ್ನಿಟ್ಟನು. ಅಲ್ಲಿ ನೋಡಿದವನೇ ಬೆಲೆ ತೆತ್ತನು. ಸಾಮಾನ್ಯವಾಗಿ ಬೆಲೆ ತೆರುವುದು ನೋಡಿಸಿಕೊಂಡ ಜೀವಿ.

ಮುಸ್ಸಂಜೆಯೆಂದರೆ ನಮಗೆ ವಿರಾಮ. ಗೂಗೆಗೆ ದುಡಿಮೆಯ ಆರಂಭ. ಅದರ ಕಣ್ಣು ಮಂದ ಬೆಳಕಿಗೆ ಹೊಂದಿದುದು. ಕಣಜದ ಗೂಗೆಯಂತೂ ಕಗ್ಗತ್ತಲಿನಲ್ಲಿ ಬರಿಯ ಕಿವಿಯಿಂದಲೇ ಇಲಿಯನ್ನು ಹಿಡಿಯಬಲ್ಲದು. ಅಂಥ ಕಣ್ಣಿಗೆ ಮಿಂಚುದೀಪ ಹಾಯಿಸುವುದೂ, ಅಂಥ ಕಿವಿಯ ಬಳಿ ಗದ್ದಲ ಮಾಡುವುದೂ ದುಡಿಯುವವನ ಕೈಯನ್ನು ಹಿಡಿದಂತೆ.

ಹಾಗಾದರೆ ಚಿತ್ರವೇ ಬೇಡವೆ? ಹಾಗೆನ್ನಲಾಗದು. 1884ರ ತರುವಾಯ ಖಚಿತವಾಗಿ ಕಾಣದೆ ಅಳಿದೇ ಹೋಯಿತೆಂದು ಅನೇಕರು ಬಗೆದಿದ್ದ ಅಡವಿಯ ಸಣ್ಣ ಗೂಗೆಯೊಂದು 1997ರಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಮರಳಿ ಕಂಡಾಗ, ಚಿತ್ರಗಳೇ ಸಾಕ್ಷಿಯಾದವು. ಗೂಗೆ ಅಪಶಕುನವೆಂದು ಕಲ್ಲೆಸೆಯುವ ಕೈಯನ್ನು ಒಂದು ಒಳ್ಳೆಯ ಚಿತ್ರ ತಡೆದೀತು. ಆದರೆ ಈ ಹಿರಿಯ ಪ್ರಯೋಜನದ ಹೆಸರಿನಲ್ಲಿ ನಮ್ಮ ಸಣ್ಣ ಆಸೆಯನ್ನು ಮುಚ್ಚಿಡಬಾರದು. ಆ ಸಂಜೆ ನಾವು ಹೋದುದು ಗೂಗೆಯ ಉಪಕಾರಕ್ಕಲ್ಲ, ಚಿತ್ರದ ಆಸೆಗೆ.

ಮನುಷ್ಯನ ಚಿತ್ರವನ್ನು ಅವನ ಒಪ್ಪಿಗೆ ಕೇಳಿ ತೆಗೆಯುತ್ತೇವೆ. ಹಕ್ಕಿಯನ್ನು ಕೇಳುವಂತಿಲ್ಲ. ಕೇಳಲಾಗದ ಕಡೆ ನಮ್ಮ ಸಂಯಮವೇ ಅದರ ಒಪ್ಪಿಗೆಯ ಸ್ಥಾನದಲ್ಲಿ ನಿಲ್ಲಬೇಕು. ನಾವು ಬಂದ ಮೇಲೂ ಅದು ತನ್ನ ಪಾಡಿಗೆ ತಾನಿದ್ದರೆ ನಮ್ಮ ನೋಟ ನಿರ್ದೋಷವಾದುದು. ಬೆದರಿ ಎದ್ದಿತೆಂದರೆ, ಚಿತ್ರ ಎಷ್ಟೇ ಚೆಲುವಾಗಿರಲಿ, ನಾವು ತಪ್ಪಿದಂತೆ.

ಅಂದಿನ ಚಿತ್ರವನ್ನು ನಾವು ಶಾಲೆಯ ಗೋಡೆಗೆ ಹಾಕಲಿಲ್ಲ. ಮುಂದಿನ ಬಾರಿ ಹೋದಾಗ ದೂರದ ಬದುವಿನ ಮೇಲೆ ಕುಳಿತೆವು. ಕತ್ತಲಾದ ಮೇಲೆ ಗುಡ್ಡದಿಂದ ಒಂದು ಗಂಭೀರವಾದ ಕೂಗು ಕೇಳಿಬಂದಿತು. ಹುಡುಗರು ಉಸಿರು ಬಿಗಿಹಿಡಿದು ಆಲಿಸಿದರು. ಕ್ಯಾಮರಾ ಚೀಲದಲ್ಲಿಯೇ ಇದ್ದಿತು.