ಇಬ್ಬರು ಕೊಳ್ಳುವ ಮನೆ: ಅಗ್ಗ ಯಾರಿಗೆ?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನಮ್ಮ ಗಡಿ ತಾಲೂಕುಗಳ ಎಷ್ಟೋ ಮಕ್ಕಳಿಗೆ ಈಗ ಈ ಎರಡು ಪರೀಕ್ಷೆಗಳು ಒಂದರ ಬೆನ್ನಿಗೆ ಒಂದು ಬರುತ್ತಿವೆ, ಅದೂ ಪರ ರಾಜ್ಯದಲ್ಲಿ. ವಾಸ್ಕೊ ಬಂದರು, ಜುವಾರಿನಗರ, ವೆರ್ಣಾದ ಕಾರ್ಖಾನೆಗಳು, ಮಡಗಾಂವ ಮತ್ತು ಮಾಪ್ಸಾ ಪೇಟೆಗಳಲ್ಲಿ ನಮ್ಮವರು ದುಡಿಯುತ್ತಿದ್ದಾರೆ. ಮದುವೆಯಾದ ನಾಲ್ಕೈದು ವರ್ಷಗಳಲ್ಲಿ, “ಬಾಡಿಗೆ ಕಟ್ಟಿ ಸಾಕಾಯಿತು, ಅಗ್ಗದ ಕಡೆ ಒಂದು ಮನೆ ನೋಡೋಣ” ಎಂಬ ಮಾತು ಬರುತ್ತದೆ. ಊರಿನಲ್ಲಿ ತಂದೆ ಎರಡು ಎಕರೆ ಮಾರಲು ಸಿದ್ಧನಾಗುತ್ತಾನೆ. ಇಲ್ಲಿ ಏಳುವ ಪ್ರಶ್ನೆ ಬರೀ ವ್ಯವಹಾರದ್ದಲ್ಲ, ನೀತಿಯದ್ದೂ ಹೌದು. ಅಗ್ಗ ಎಂದರೆ ಏನು? ಅಗ್ಗ ಯಾರಿಗೆ?

ಮೊದಲು ನೆಲದ ಮಾತು. ಹೊಲ ಕೊಳ್ಳುವ ರೈತ ಉತಾರ ನೋಡುತ್ತಾನೆ, ಬಾಂದು ನೋಡುತ್ತಾನೆ, ದಾರಿ ಮತ್ತು ನೀರು ಕೇಳುತ್ತಾನೆ. ಅದೇ ರೈತನ ಮಗ ಪಟ್ಟಣದಲ್ಲಿ ಮನೆ ಕೊಳ್ಳುವಾಗ ಕರೆಂಟಿನ ಬಿಲ್ಲು ಮತ್ತು ಮನೆ ತೆರಿಗೆಯ ಪಾವತಿ ಕಂಡರೆ ಸಾಕೆನ್ನುತ್ತಾನೆ. ಇವು ಒಡೆತನದ ದಾಖಲೆಗಳಲ್ಲ. ಗೋವಾದಲ್ಲಿ ನಮ್ಮ ಉತಾರಕ್ಕೆ ಸಮನಾದದ್ದು ‘ನಮೂನೆ 1 ಮತ್ತು 14’. ಕೃಷಿ ಭೂಮಿಯಾಗಿದ್ದರೆ 1968ರ ಭೂಕಂದಾಯ ಸಂಹಿತೆಯಂತೆ ಬಳಕೆ ಬದಲಾವಣೆಯ ಸನದು ಬೇಕು. ಇದಲ್ಲದೆ ಹಳ್ಳಿಗಳ ಪ್ರಾಚೀನ ಸಾಮೂಹಿಕ ಸಂಸ್ಥೆಯಾದ ‘ಕೊಮುನಿದಾದ್’ಗೆ ಸೇರಿದ ಜಮೀನು ಬೇಕಾದಷ್ಟಿದೆ. ಅದರ ಮೇಲೆ ಗುಡಿಸಲು ಕಟ್ಟಿಕೊಂಡವನು ಛಾಪಾ ಕಾಗದದಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಆ ನೆಲ ಕೊಂಡವನದಾಗುವುದಿಲ್ಲ. ತನ್ನದಲ್ಲದ್ದನ್ನು ಅವನು ಹೇಗೆ ಮಾರಬಲ್ಲ?

ವಾಸ್ಕೊದ ಬೈನಾ ಕಡಲದಂಡೆಯನ್ನು ನೆನೆಯಬೇಕು. ಕರ್ನಾಟಕ, ಆಂಧ್ರಗಳಿಂದ ದುಡಿಯಲು ಹೋದ ಎಷ್ಟೋ ಕುಟುಂಬಗಳು ಅಲ್ಲಿ ಬೀಡುಬಿಟ್ಟಿದ್ದವು. ನ್ಯಾಯಾಲಯದ ಆದೇಶದ ಬೆನ್ನಿಗೆ 2004ರ ಜೂನ್‌ನಲ್ಲಿ, ಮಳೆಗಾಲ ಆರಂಭವಾಗಿದ್ದಾಗಲೇ, ಅಲ್ಲಿನ ನೂರಾರು ಮನೆಗಳನ್ನು ಕೆಡವಲಾಯಿತು. ಹೋದವರೆಲ್ಲ ಆಸೆಬುರುಕರಾಗಿರಲಿಲ್ಲ. ಬೇರೆ ಕಡೆ ಬಾಡಿಗೆ ಕೊಡುವ ಶಕ್ತಿ ಇಲ್ಲದ್ದರಿಂದ ಹೋದವರೇ ಬಹಳ. ಬಡತನದಿಂದ ಅಂಥಲ್ಲಿ ನಿಂತವನನ್ನು ದೂಷಿಸುವುದು ಧರ್ಮವಲ್ಲ. ಆದರೆ ಕಾಗದ ಸರಿಯಿಲ್ಲವೆಂದು ಗೊತ್ತಿದ್ದೂ, ನಂಬಿ ಬಂದ ತನ್ನೂರಿನವನಿಗೇ ಅಂಥ ಮನೆಯನ್ನು ದಾಟಿಸಿ ಕೈ ತೊಳೆದುಕೊಳ್ಳುವವನ ಮಾತು ಬೇರೆ. ಅವನು ಮಾರಿದ್ದು ಮನೆಯನ್ನಲ್ಲ, ತನ್ನ ಭಯವನ್ನು. ಅಂಥ ಹಣದಿಂದ ಊರಲ್ಲಿ ಎಷ್ಟು ದಾನ ಮಾಡಿದರೂ ಅದು ಕಾಯಕದ ಹಣ ಎನಿಸಿಕೊಳ್ಳಲಾರದು.

ಎರಡನೆಯದು ದೂರದ ಮಾತು. ಪಣಜಿ, ಪರ್ವರಿ, ಕಲಂಗುಟ್ ಕಡೆ ದಿಲ್ಲಿ, ಮುಂಬಯಿಗಳ ಶ್ರೀಮಂತರು ರಜೆಯ ಮನೆ ಕೊಳ್ಳುವುದರಿಂದ ಬೆಲೆ ಏರಿದೆ. ಒಳನಾಡಿನ ಉಸಗಾಂವ, ಕುಡಚಡೆಗಳ ಕಡೆ ಹೋದಂತೆ ಬೆಲೆ ಇಳಿಯುತ್ತದೆ. ವ್ಯಾಪಾರಸ್ಥರಿಗೆ ಅರ್ಥವಾಗುವಂತೆ ಒಂದು ಕಲ್ಪಿತ ಲೆಕ್ಕ ಹಾಕೋಣ. ಕೆಲಸದ ಊರಿನಲ್ಲಿ ಮನೆಗೆ 30 ಲಕ್ಷ, ಹದಿನೈದು ಕಿಲೋಮೀಟರ್ ಆಚೆ 22 ಲಕ್ಷ. ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷದ ಸಾಲವಾದರೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 900 ರೂಪಾಯಿ. ಎಂಟು ಲಕ್ಷಕ್ಕೆ 7,200 ರೂಪಾಯಿ ಉಳಿಯಿತು. ಗಂಡನ ಸ್ಕೂಟರಿನ ಪೆಟ್ರೋಲಿಗೆ 1,700, ಹೆಂಡತಿಯ ಬಸ್ಸಿಗೆ 1,600 ಕಳೆಯಿರಿ. ಉಳಿತಾಯ 3,900 ರೂಪಾಯಿ. ಹಣದ ಮಟ್ಟಿಗೆ ದೂರದ ಮನೆಯೇ ಅಗ್ಗ, ಅನುಮಾನವಿಲ್ಲ.

ಈಗ ಕಾಲದ ಖಾತೆ ತೆಗೆಯೋಣ. ಗಂಡನಿಗೆ ದಿನಕ್ಕೆ ಒಂದು ತಾಸು, ಬಸ್ಸು ಕಾಯುವ ಹೆಂಡತಿಗೆ ಎರಡು ತಾಸು ದಾರಿಯಲ್ಲಿ ಹೋದರೆ, 26 ದಿನಕ್ಕೆ ಒಟ್ಟು 78 ತಾಸು. ಅಂದರೆ ತಾಸಿಗೆ 50 ರೂಪಾಯಿಯಂತೆ ಆಯುಷ್ಯವನ್ನು ಮಾರಿದಂತಾಯಿತು. ಅದರಲ್ಲಿ 52 ತಾಸು ಆಕೆಯವು. ಹಿಂತಿರುಗಿ ಬಂದು ಒಲೆ ಹಚ್ಚುವವಳೂ, ನಲ್ಲಿಯಲ್ಲಿ ನೀರು ಬಾರದಿದ್ದರೆ ಕೊಡ ಹಿಡಿದು ನಿಲ್ಲುವವಳೂ ಹೆಚ್ಚಾಗಿ ಆಕೆಯೇ. ಉಳಿತಾಯ ಇಬ್ಬರ ಖಾತೆಗೆ ಜಮೆ, ಖರ್ಚು ಮಾತ್ರ ಒಬ್ಬಳ ಖಾತೆಗೆ. ಇಂಥ ಜಮಾಖರ್ಚನ್ನು ಯಾವ ಅಂಗಡಿಕಾರನೂ ಒಪ್ಪಲಾರ. ಅಷ್ಟಾದರೂ ದೂರದ ಮನೆಯನ್ನೇ ಆರಿಸಬಾರದೆಂದಲ್ಲ. ಸಾಲದ ಹೊರೆಗಿಂತ ದಾರಿಯ ಹೊರೆ ಹಗುರವೆಂದು ಆಕೆಗೂ ಅನಿಸಬಹುದು. ಆದರೆ ಹಾಗೆಂದು ಹೇಳಬೇಕಾದವಳು ಆಕೆ. ಹಣ ಕೊಟ್ಟ ಮಾವ ಆಕೆಯ ಪರವಾಗಿ ಹೇಳುವಂತಿಲ್ಲ.

ಮೂರನೆಯದು ಹೆಸರಿನ ಮಾತು. ಇದರಲ್ಲಿ ಗೋವಾದಿಂದ ನಾವು ಕಲಿಯುವುದಿದೆ. ಅಲ್ಲಿ ಇಂದಿಗೂ ನಡೆಯುತ್ತಿರುವ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯಂತೆ, ಬೇರೆ ಕರಾರು ಮಾಡಿಕೊಳ್ಳದಿದ್ದರೆ ಸತಿಪತಿಗಳ ಆಸ್ತಿ ಇಬ್ಬರಿಗೂ ಸಮ. ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡ ಮನೆ ಮಾರುವಂತಿಲ್ಲ. ಕರ್ನಾಟಕದಲ್ಲಿ ಮದುವೆಯಾಗಿ ಅಲ್ಲಿಗೆ ಹೋದ ನಮ್ಮವರಿಗೆ ಈ ರಕ್ಷಣೆ ತಾನಾಗಿಯೇ ಬರುವುದಿಲ್ಲ. ಆದ್ದರಿಂದ ಖರೀದಿ ಪತ್ರದಲ್ಲಿಯೇ ಇಬ್ಬರ ಹೆಸರನ್ನೂ ಬರೆಸಬೇಕು. ಆಕೆಯ ಬಂಗಾರ ಅಡವಿಟ್ಟು, ಆಕೆಯ ಸಂಬಳದಿಂದ ಕಂತು ಕಟ್ಟಿ, ಪತ್ರದಲ್ಲಿ ಮಾತ್ರ ಒಬ್ಬನ ಹೆಸರು ಎಂದರೆ ಅದು ನ್ಯಾಯವೇ? ಹೆಣ್ಣು ಗಂಡೆಂಬ ಭೇದ ಸಲ್ಲದೆಂದು 12ನೆಯ ಶತಮಾನದಲ್ಲಿಯೇ ಸಾರಿದ ಶರಣರ ವಾರಸುದಾರರು ನಾವು. ನೋಂದಣಿ ಕಚೇರಿಯ ಬಾಗಿಲಲ್ಲಿ ಆ ಮಾತನ್ನು ಮರೆಯಬಾರದು.

ಇನ್ನು ನೆರೆಹೊರೆಯ ವಿಚಾರ. ನಮ್ಮ ಭಾಷೆಯವರೇ ಇರುವ ಓಣಿಯಲ್ಲಿ ಕಷ್ಟಕಾಲಕ್ಕೆ ಆಸರೆ ಹೆಚ್ಚು, ನಿಜ. ಆದರೆ ಮಕ್ಕಳು ಬೆಳೆಯಬೇಕಾದದ್ದು ಆ ನಾಡಿನ ಜನರ ನಡುವೆ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಕೊಂಕಣಿ ಇದ್ದರೆ ಎರಡೂ ಬೆಳೆಯುತ್ತವೆ. ನೆರೆಯವರ ಬಾವಿ, ಗದ್ದೆ, ಗುಡಿ, ಇಗರ್ಜಿಗಳನ್ನು ಗೌರವಿಸುವವನನ್ನು ಯಾವ ಹಳ್ಳಿಯೂ ಬಹುಕಾಲ ಹೊರಗಿನವನೆಂದು ಕಾಣದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿ. ಆ ಹಾಸಿಗೆ ಇಬ್ಬರದು ಎಂಬುದೂ ಅಷ್ಟೇ ಸರಿ. ಶುದ್ಧ ಕಾಗದದ ಮನೆ ಸದ್ಯ ಕೈಗೆಟುಕದಿದ್ದರೆ ಇನ್ನೂ ಕೆಲವು ವರ್ಷ ಬಾಡಿಗೆಗೆ ಇರುವುದರಲ್ಲಿ ಅವಮಾನವೇನಿಲ್ಲ. ಹಿರಿಯರು ಹೊಲ ಮಾರಿ ಹಣ ಕಳಿಸುವ ಮುನ್ನ ಮಗನಿಗೆ ಬೆಲೆ ಕೇಳಿದರೆ ಸಾಲದು. ಸೊಸೆಯನ್ನೂ ಕೂರಿಸಿಕೊಂಡು, “ತಾಯಿ, ಆ ಜಾಗದಲ್ಲಿ ನಿನ್ನ ದಿನ ಹೇಗೆ ಸಾಗುತ್ತದೆ?” ಎಂದು ಕೇಳಬೇಕು. ಆಕೆಯ ಉತ್ತರ ಕೇಳಿದ ಮೇಲೆಯೇ ಬೆಲೆಯ ಮಾತು.